ಕಿವುಡ ಕೊಲ್ಲಿಯ ನೀರು

ಬಾವುನೇಯಿ
ಫೆಬ್ರವರಿ 9

ಸಿಲ್ವೇರಿಯೊ,

ಕ್ಷೇಮ ಸಮಾಚಾರ ಕೇಳುವುದಕ್ಕೆ ಬರೆಯುತ್ತಿಲ್ಲ. ನೀನು ಆರ್ಬತಾಕ್ಸ್ ಬಂದರಿನಲ್ಲಿ ಗುಂಡುಕಲ್ಲಿನ ಹಾಗೆ ಇದ್ದೀಯ ಎಂದು ಬ್ರೆಡ್ ವ್ಯಾನಿನವನು ವಾರವಾರವೂ ಹೇಳುತ್ತಾನೆ, ನಾನು ಕೇಳದಿದ್ದರೂ.

ವಿಷಯ ಇಷ್ಟು. ನನ್ನ ಮಗಳು ಇಲೇನಿಯಾ ಗೈಡ್ ಪರೀಕ್ಷೆ ಪಾಸು ಮಾಡಿದ್ದಾಳೆ. ಮೇ ತಿಂಗಳಲ್ಲಿ ಬೆರ್ಗಾಮೊ ಕಡೆಯ ಆರು ಜನರನ್ನು ಕಟ್ಟಿಕೊಂಡು ಕಡಲ ಬಂಡೆಗಳ ದಾರಿ ನಡೆಸುತ್ತಾಳಂತೆ. ನಮ್ಮಪ್ಪ ಆಡು ಮೇಯಿಸಿದ, ನಾನು ಇಪ್ಪತ್ತು ವರ್ಷ ಜನರನ್ನು ನಡೆಸಿದ ಅದೇ ದಾರಿ. ಒಂದು ವಾರದ ನಡಿಗೆ. ಹಗ್ಗ ಹಿಡಿದು ಇಳಿಯುವುದು, ಬೆರಳು ಸಿಕ್ಕಿಸಿ ಬಂಡೆ ಹತ್ತುವುದು, ಎಲ್ಲ ಸೇರಿ. ಅಲ್ಲಿ ಕುಡಿಯುವ ನೀರು ಒಂದು ಹನಿ ಹುಟ್ಟುವುದಿಲ್ಲ ಎಂದು ನಿನಗೆ ಹೇಳಬೇಕಾದ್ದಿಲ್ಲ. ನೀರು ದೋಣಿಯಲ್ಲಿ ಬಂದು ಕೊಲ್ಲಿಗಳಲ್ಲಿ ಕಾದಿರಬೇಕು. ಆ ದೋಣಿಗೆ ಅವಳು ಹುಡುಕಿಕೊಂಡದ್ದು ನಿನ್ನನ್ನು.

ನನ್ನನ್ನು ಕೇಳಲಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಹೇಳಿದಳು.

"ಅವನನ್ನಾ? ಈ ಕರಾವಳೀಲಿ ಬೇರೆ ದೋಣಿಯವರೆಲ್ಲ ಸತ್ತೋದ್ರಾ?" ಎಂದೆ.

"ಅಪ್ಪಾ, ಎಂಥಾ ಕೆಟ್ಟ ಸಮುದ್ರದಲ್ಲೂ ಬಂಡೆ ಬುಡಕ್ಕೆ ದೋಣಿ ತರೋರು ಅವರೊಬ್ರೇ. ನೀನೇ ಹೇಳ್ತಿದ್ದೆ."

"ನಾನ್ಯಾವಾಗ ಹೇಳಿದ್ದೆ?"

"ನಾನು ಚಿಕ್ಕೋಳಿದ್ದಾಗ. ದಿನಾ."

ಅವಳ ತಾಯಿ ಅಸ್ಸುಂತಾ ಸೂಪಿನ ಬಟ್ಟಲಿಗೆ ಮುಖ ಹಾಕಿಕೊಂಡು ನಕ್ಕಳು. ಈ ಮನೆಯಲ್ಲಿ ನನ್ನ ಮಾತಿಗೆ ಇರುವ ಬೆಲೆ ಇಷ್ಟು.

ಹನ್ನೆರಡು ವರ್ಷದ ಹಿಂದಿನದನ್ನು ನಾನು ಮರೆತಿಲ್ಲ. ಬಾಯಾರಿದ ಜನರನ್ನು ಕರೆದುಕೊಂಡು ಕಿವುಡ ಕೊಲ್ಲಿಗೆ ಇಳಿದೆ. ನೀನು ಇಟ್ಟಿದ್ದೇನೆ ಎಂದ ನೀರು ಅಲ್ಲಿರಲಿಲ್ಲ. ಮರುದಿನದ ಬಿಸಿಲಿನಲ್ಲಿ ಒಬ್ಬ ಹೆಂಗಸು ಕುಸಿದು ಬಿದ್ದಳು; ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಪುಣ್ಯಕ್ಕೆ ಬದುಕಿಕೊಂಡಳು. ಆಮೇಲೆ ನನ್ನನ್ನು ನಂಬಿ ಬೆಟ್ಟಕ್ಕೆ ಬಂದವರು ಯಾರೂ ಇಲ್ಲ. ನೀನು ಆಗಲೂ "ಇಟ್ಟಿದ್ದೆ" ಎಂದೇ ಸಾಧಿಸಿದೆ. ಬಂದರಿನ ಬಾರಿನಲ್ಲಿ ಎಲ್ಲರೆದುರಿಗೆ ನಿನ್ನನ್ನು ಸುಳ್ಳುಗಾರ ಎಂದೆ. ಇವತ್ತೂ ಅದೇ ಎನ್ನುತ್ತೇನೆ.

ಫೋನಿನಲ್ಲಿ ನಿನ್ನ ದನಿ ಕೇಳಲಾರೆ, ಅದಕ್ಕೇ ಈ ಕಾಗದ. ಅವಳು ನೀರನ್ನು ನಂಬಿಕೊಂಡು ಇಳಿಯುತ್ತಾಳೆ. ಒಂದೇ ಒಂದು ಕೊಲ್ಲಿಯಲ್ಲಿ ತಪ್ಪಿದರೂ ನನಗಾದದ್ದೇ ಅವಳಿಗೂ ಆಗುತ್ತದೆ, ಅದೂ ಮೊದಲ ಸಲವೇ. ನಿನ್ನಿಂದ ಆಗದಿದ್ದರೆ ಈಗಲೇ ಆಗದು ಎಂದು ಬಿಡು.

ಬಾಕೀಸಿಯೊ


ಆರ್ಬತಾಕ್ಸ್
ಫೆಬ್ರವರಿ 16

ಕೊಂಪಾರೆ ಬಾಕೀಸಿಯೊ ಅವರಿಗೆ,

ನಿಮ್ಮ ಕಾಗದ ಬ್ರೆಡ್ಡಿನ ಜೊತೆ ಬಂತು. ಬ್ರೆಡ್ಡು ಮೆತ್ತಗಿತ್ತು.

ಕೊಂಪಾರೆ ಎಂದದ್ದಕ್ಕೆ ನೀವು ಹಲ್ಲು ಕಡಿಯುತ್ತೀರಿ ಎಂದು ಗೊತ್ತು. ನಾನೇನು ಮಾಡಲಿ? ಸಂತ ಯೊವಾನ್ನರ ಹಬ್ಬದ ಬೆಂಕಿಯನ್ನು ಒಂದೇ ಕರವಸ್ತ್ರದ ಎರಡು ತುದಿ ಹಿಡಿದು ಇಬ್ಬರೂ ದಾಟಿದವರು. ನಿಮ್ಮ ಪ್ಯಾಂಟಿನ ಅಂಚು ಕೂಡ ಸುಟ್ಟಿತ್ತು. ಆ ದಿನದಿಂದ ನೀವು ನನಗೆ ಕೊಂಪಾರೆ, ನಾನು ನಿಮಗೆ ಕೊಂಪಾರೆ, ನಮ್ಮೊಳಗೆ ಏಕವಚನ ಸಲ್ಲದು. ಬೇರೆ ಕಡೆ ಜನ ಹತ್ತಿರವಾದಷ್ಟೂ ನೀನು ತಾನು ಎನ್ನುತ್ತಾರೆ. ನಾವು ಹತ್ತಿರವಾದ ದಿನವೇ ಬಹುವಚನಕ್ಕೆ ಹೋಗುವವರು. ನೀವೀಗ "ನೀನು" ಎಂದು ಬರೆದಿದ್ದೀರಿ. ಸುಳ್ಳುಗಾರ ಎಂದದ್ದಕ್ಕಿಂತ ಅದೇ ಹೆಚ್ಚು ನಾಟಿತು. ನೀವು ಬಿಟ್ಟರೆ ಬಿಡಿ, ನಾನು ಬಿಡುವವನಲ್ಲ.

ಮಗಳು ಬಂದರಿಗೆ ಬಂದಿದ್ದಳು. ನಾನು ಬಲೆ ಬಿಡಿಸುತ್ತಿದ್ದೆ.

"ಮಾಮಾ, ನನ್ನ ಗುರುತು ಸಿಕ್ತಾ?"

"ಆ ಮೂಗು ನೋಡಿದ್ರೆ ಸಾಕಮ್ಮಾ, ಯಾರ ಮಗಳು ಅಂತ ಆಚೆ ದಡದಿಂದ್ಲೂ ಹೇಳ್ಬಹುದು."

"ಮೇ ತಿಂಗಳಲ್ಲಿ ನಂಗೆ ನೀರು ಇಡ್ತೀರಾ?"

"ನಿಮ್ಮಪ್ಪ ಒಪ್ಪಿದ್ರಾ?"

"ಗೈಡ್ ನಾನೋ ಅಪ್ಪನೋ?"

ನಾನು ಒಪ್ಪಿಕೊಂಡೆ. ಒಪ್ಪದಿದ್ದರೆ ದೋಣಿಯಿಂದ ಇಳಿಯುವ ಹಾಗೆ ಕಾಣಲಿಲ್ಲ. ಮೂಗು ಮಾತ್ರವಲ್ಲ, ಹಟವೂ ನಿಮ್ಮದೇ.

ಹಳೆಯದನ್ನು ನೀವೇ ಎತ್ತಿದ್ದರಿಂದ ಒಂದು ಮಾತು. ಆ ಸಲ ನಾನು ಕಿವುಡ ಕೊಲ್ಲಿಯಲ್ಲಿ ನೀರು ಇಟ್ಟೆ. ಈ ಕೈಯಲ್ಲೇ ಇಟ್ಟೆ. ನೀವು ಅಲ್ಲಿಗೆ ಇಳಿಯಲೇ ಇಲ್ಲ, ದಣಿದು ಮೇಲಿನ ದಾರಿ ಹಿಡಿದಿರಿ ಎಂದು ನಾನು ತಿಳಿದುಕೊಂಡಿದ್ದೇನೆ. ಅದನ್ನು ಬಾರಿನಲ್ಲಿ ಕೂಗಲಿಲ್ಲ, ಅಷ್ಟೇ ವ್ಯತ್ಯಾಸ.

ಎಲ್ಲೆಲ್ಲಿ, ಯಾವತ್ತು, ಎಷ್ಟೆಷ್ಟು ಬೇಕು ಎಂದು ಬರೆದು ಕಳಿಸಿ. ಬೈಗುಳವನ್ನೂ ಸೇರಿಸಿ ಬರೆಯಿರಿ, ಓದುತ್ತೇನೆ.

ನಿಮ್ಮ ಕೊಂಪಾರೆ
ಸಿಲ್ವೇರಿಯೊ


ಬಾವುನೇಯಿ
ಮಾರ್ಚ್ 12

ಸಿಲ್ವೇರಿಯೊ,

ನಾನು ಮೇಲಿನ ದಾರಿ ಹಿಡಿದೆನಂತೆ! ಇದನ್ನು ಓದಿ ಅಸ್ಸುಂತಾ ನನ್ನ ಕೈಯಿಂದ ಕಾಫಿ ಲೋಟ ತೆಗೆದಿಟ್ಟಳು, ಒಡೆದುಹೋದೀತು ಎಂದು. ತಿಂಗಳು ತಡೆದು ಬರೆಯುತ್ತಿರುವುದು ಅದಕ್ಕೇ.

ತಯಾರಿ ನಡೆದಿದೆ. ಇಲೇನಿಯಾ ಶನಿವಾರ ಶನಿವಾರ ಊರಾಚೆಯ ಹಳೇ ಕಲ್ಲಿನ ಕ್ವಾರಿಗೆ ಹೋಗಿ ಗೋಡೆಯ ಮೇಲಿಂದ ಹಗ್ಗದಲ್ಲಿ ಇಳಿಯುತ್ತಾಳೆ. ಬೆನ್ನ ಮೇಲೆ ನೀರು ತುಂಬಿದ ದೊಡ್ಡ ವೈನ್ ಬುಡ್ಡಿ. ನಾನು ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಹೊಸ ಮಂಡಿ ಹಾಕಿಸಿಕೊಂಡ ಮೇಲೆ ನನಗೆ ಅಷ್ಟೇ ಕೆಲಸ. ನನ್ನ ಹಳೇ ಹಗ್ಗಗಳನ್ನೆಲ್ಲ ಕೊಡಲಿಯಿಂದ ತುಂಡು ಮಾಡಿ ಟೊಮೆಟೊ ಗಿಡ ಕಟ್ಟಲು ಕೊಟ್ಟೆ, ಯಾರಾದರೂ ಅದನ್ನು ನಂಬಿ ಇಳಿಯದಿರಲಿ ಎಂದು. ಹೋದ ವಾರ ಅವಳು ದಾರಿಯುದ್ದಕ್ಕೂ ಒಬ್ಬಳೇ ಹೋಗಿ, ಇಳಿಯುವ ಕಡೆಗಳಲ್ಲಿ ಹಗ್ಗ ಕಟ್ಟಲು ಬಂಡೆಗೆ ಬಡಿದ ಕಬ್ಬಿಣದ ಬಳೆಗಳನ್ನೆಲ್ಲ ಎಳೆದೆಳೆದು ನೋಡಿ ಬಂದಳು. ಒಂದು ಅಲ್ಲಾಡುತ್ತಿತ್ತಂತೆ, ಅದನ್ನು ಕಿತ್ತು ಬೇರೆ ಬಡಿದಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಅವಳಿಗೆ ಹೇಳಲಿಲ್ಲ.

ಬೆರ್ಗಾಮೊದವರು ದಿನಕ್ಕೊಂದು ಪ್ರಶ್ನೆ ಕಳಿಸುತ್ತಾರೆ. ದಾರಿಯಲ್ಲಿ ಬಿಸಿನೀರಿನ ಸ್ನಾನ ಉಂಟೇ ಎಂದು ಒಬ್ಬ. ಮಡಚುವ ಕುರ್ಚಿ ತರಬಹುದೇ ಎಂದು ಇನ್ನೊಬ್ಬ. ಅಜ್ಜಿಗೆ ಅರಿವೆ ಚಿಂತೆ ಅಂತಾರಲ್ಲ, ಹಾಗೆ. "ಕುರ್ಚಿ ತರ್ಲಿ ಬಿಡಪ್ಪಾ, ಮೊದಲ್ನೇ ಬಂಡೆ ಹತ್ರಾನೇ ಬಿಟ್ಟು ಹೋಗ್ತಾನೆ, ನಿಂಗಾಗುತ್ತೆ" ಎಂದಳು ಮಗಳು.

ಇನ್ನು ನೀರು. ಮೊದಲ ಎರಡು ಜಾಗ ಮರಳಿನ ತೀರ, ಅಲ್ಲಿ ಎಂಥ ದಡ್ಡನೂ ಇಡಬಲ್ಲ. ನಾಲ್ಕನೆಯ ದಿನದ್ದು ಕಿವುಡ ಕೊಲ್ಲಿ. ಅಲ್ಲೇ ಜೀವ ಇರುವುದು, ಏಕೆಂದರೆ ಹಿಂದಿನ ನೀರು ಅಲ್ಲಿಗೆ ಮುಗಿದಿರುತ್ತದೆ, ಮುಂದಿನದಕ್ಕೆ ಇಡೀ ಹಗಲಿನ ಹತ್ತುವಿಕೆ ಇದೆ. ತುಂಬ ಮೊದಲೇ ತಂದಿಡಬೇಡ, ಕಾಡುಹಂದಿ ಪೀಪಾಯಿಯನ್ನು ಕಡಿದು ಹಾಕುತ್ತದೆ. ಹಿಂದಿನ ದಿನ ಇಡು. ಜುನಿಪರ್ ಮರದ ದಿಮ್ಮಿಗಳನ್ನು ಬಿರುಕಿಗೆ ಸಿಕ್ಕಿಸಿ ನಮ್ಮಪ್ಪ ಮಾಡಿದ ಏಣಿಯ ಬುಡದಲ್ಲಿ, ನೆರಳಿರುವ ಕಡೆ ಇಡು. ಇಳಿದು ಬಂದವರ ಕಾಲು ಪೀಪಾಯಿಗೆ ಎಡವಬೇಕು.

ಅರ್ಥವಾಯಿತೋ?

ಬಾಕೀಸಿಯೊ


ಆರ್ಬತಾಕ್ಸ್
ಮಾರ್ಚ್ 20

ಕೊಂಪಾರೆ,

ಎಲ್ಲ ಅರ್ಥವಾಯಿತು, ಏಣಿಯೊಂದನ್ನು ಬಿಟ್ಟು.

ಯಾವ ಏಣಿ? ಕಿವುಡ ಕೊಲ್ಲಿಯಲ್ಲಿ ಏಣಿ ಎಲ್ಲಿದೆ? ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಅಲ್ಲಿ ಬಲೆ ಹಾಕಿದವನು ನಾನು. ಅಲ್ಲಿರುವುದು ಒಂದು ಗುಹೆಯ ಬಾಯಿ, ಅದರ ಮುಂದೆ ಊಟದ ಮೇಜಿನಷ್ಟು ಚಪ್ಪಟೆ ಬಂಡೆ. ದೋಣಿಯನ್ನು ಅದರ ಪಕ್ಕಕ್ಕೆ ತಂದು ಪೀಪಾಯಿಗಳನ್ನು ಕೈಯಿಂದ ಕೈಗೆ ದಾಟಿಸಿ ಇಡುವುದು. ಅವತ್ತೂ ಹಾಗೇ ಇಟ್ಟದ್ದು. ದಿಮ್ಮಿ ಗಿಮ್ಮಿ ಏನೂ ಅಲ್ಲಿಲ್ಲ.

ನಿಮ್ಮ ತಂದೆಯವರ ಕೈಕೆಲಸದ ಬಗ್ಗೆ ನನಗೆ ಗೌರವವಿದೆ. ಅವರು ಮಾಡಿಕೊಟ್ಟ ಚಾಕು ಇನ್ನೂ ನನ್ನ ಜೇಬಿನಲ್ಲಿದೆ. ಆದರೆ ಇಲ್ಲದ ಏಣಿಯ ಬುಡದಲ್ಲಿ ನೀರು ಇಡುವುದು ಹೇಗೆ, ಅದನ್ನು ಸ್ವಲ್ಪ ಹೇಳಿ.

ಮಂಡಿ ಹೇಗಿದೆ?

ನಿಮ್ಮ ಕೊಂಪಾರೆ
ಸಿಲ್ವೇರಿಯೊ


ಬಾವುನೇಯಿ
ಮಾರ್ಚ್ 23

ಸಿಲ್ವೇರಿಯೊ,

ಸಿಕ್ಕಿಬಿದ್ದೆ.

ಹನ್ನೆರಡು ವರ್ಷ ಈ ಒಂದು ಮಾತಿಗಾಗಿ ಕಾದಿದ್ದೆ. ಏಣಿ ಇಲ್ಲ ಎನ್ನುವವನು ಕಿವುಡ ಕೊಲ್ಲಿಯನ್ನು ಜನ್ಮದಲ್ಲಿ ಕಂಡಿಲ್ಲ. ಆ ಏಣಿ ಅಲ್ಲಿ ನಾನು ಹುಟ್ಟುವ ಮೊದಲಿನಿಂದ ಇದೆ. ನಮ್ಮೂರಿನ ಕುರುಡನನ್ನು ಕೇಳು, ಅವನೂ ತೋರಿಸುತ್ತಾನೆ. ಹಾಗಾದರೆ ಅವತ್ತು ನೀನು ಎಲ್ಲಿದ್ದೆ? ನಿಮ್ಮ ಹಿರಿಯರು ಪೊಂತ್ಸಾ ದ್ವೀಪದಿಂದ ತಂದ ಸಂತನ ಹಬ್ಬದಲ್ಲಿ ಕುಡಿದು ಮಲಗಿದ್ದೆ ಎಂದು ಜನ ಹೇಳಿದ್ದು ನಿಜವೇ ಇರಬೇಕು.

ಮಗಳಿಗೆ ಬೇರೆ ದೋಣಿ ನೋಡು ಎಂದಿದ್ದೇನೆ. ಅವಳು ಬೂಟು ಹಾಕಿಕೊಂಡು ಹೊರಟಳು. ನಿನ್ನ ಹತ್ತಿರವೇ ಬರುತ್ತಿದ್ದರೂ ಬರುತ್ತಿರಬಹುದು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿದೆ ನನ್ನ ಬಾಳು.

ಇನ್ನು ಬರೆಯಬೇಡ.

ಬಾಕೀಸಿಯೊ


ಆರ್ಬತಾಕ್ಸ್
ಮಾರ್ಚ್ 25

ಅಪ್ಪಾ,

ಫೋನ್ ಮಾಡಿದರೆ ನೀನು "ಆ ಸುಳ್ಳುಗಾರ" ಎಂದು ಶುರು ಮಾಡಿ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಓದಿ ಮುಗಿಸುತ್ತೀಯ, ಅಮ್ಮ ಪಕ್ಕದಲ್ಲಿ ನಿಂತಿರುತ್ತಾಳೆ. ಅಮ್ಮಾ, ಕಾಫಿ ಲೋಟ ತೆಗೆದಿಡು.

ನಾನು ಮಾಮನ ದೋಣಿ ಹತ್ತಿದೆ. "ಮಾತು ಬೇಡ ಮಾಮಾ. ಕಿವುಡ ಕೊಲ್ಲಿ ತೋರ್ಸಿ, ನೋಡ್ತೀನಿ" ಎಂದೆ. ಇಬ್ಬರೂ ಮುಖ ಊದಿಸಿಕೊಂಡು ಹೊರಟೆವು. ಮುಂದಕ್ಕೆ ಚಾಚಿದ ಆ ದೊಡ್ಡ ಮೂಗಿನಂಥ ಬಂಡೆ ಇದೆಯಲ್ಲ, ಅದರ ದಕ್ಷಿಣಕ್ಕೆ ತಿರುಗಿ ಮಾಮ ಎಂಜಿನ್ ನಿಲ್ಲಿಸಿದರು. ಗುಹೆ, ಚಪ್ಪಟೆ ಬಂಡೆ, ಎಲ್ಲ ಅವರು ಬರೆದ ಹಾಗೇ ಇದೆ.

"ಇದು ಯಾಕೆ ಮಾಮಾ ಕಿವುಡು?" ಎಂದು ಕೇಳಿದೆ.

"ಕೂಗಿ ನೋಡು."

ಕೂಗಿದೆ. ನಮ್ಮ ಕರಾವಳಿಯಲ್ಲಿ ಎಲ್ಲಿ ಕೂಗಿದರೂ ಬಂಡೆ ತಿರುಗಿ ಕೂಗುತ್ತದೆ. ಇಲ್ಲಿ ಏನೂ ಬರಲಿಲ್ಲ. ಗುಹೆ ನುಂಗಿಬಿಟ್ಟಿತು.

"ಎಷ್ಟು ಕರೆದ್ರೂ ಓಗೊಡಲ್ಲ. ಅದಕ್ಕೇ ನಮ್ಮಜ್ಜಂದಿರು ಇದಕ್ಕೆ ಕಿವುಡ ಕೊಲ್ಲಿ ಅಂದ್ರು" ಎಂದರು ಮಾಮ.

ಅಪ್ಪಾ, ನಮ್ಮೂರಲ್ಲಿ ಆ ಜಾಗಕ್ಕೆ ಏನನ್ನುತ್ತಾರೆ ಹೇಳು? ಸತ್ತ ಮೇಕೆ! ಮೇಲಿನಿಂದ ಆಡುಗಳು ಜಾರಿ ಬೀಳುವ ಜಾಗ. ನಾನು ದೋಣಿಯ ತಳದಲ್ಲಿ ಕೂತು ನಗುವುದಕ್ಕೆ ಶುರು ಮಾಡಿದೆ. ಮಾಮನಿಗೆ ನನಗೆ ಬಿಸಿಲು ತಾಗಿತೇನೋ ಎಂದು ಗಾಬರಿ. ಅವರನ್ನು ಮೂಗಿನ ಉತ್ತರಕ್ಕೆ ಕರೆದುಕೊಂಡು ಹೋಗಿ ಅಜ್ಜನ ಏಣಿ ತೋರಿಸಿದೆ. "ಇದಾ? ಇದು ಅಜ್ಜಿ ಕೊಳಗ ಅಲ್ವಾ? ಒಳಗೆ ನೀರು ಯಾವಾಗ್ಲೂ ಕುದೀತಾ ಇರತ್ತೆ" ಎಂದರು.

"ನಾವು ಇದನ್ನ ಕಿವುಡ ಕೊಲ್ಲಿ ಅಂತೀವಿ ಮಾಮಾ. ಮೇಲೆ ಅಂಚಲ್ಲಿ ನಿಂತ್ರೆ ಸಮುದ್ರ ಕೇಳ್ಸೋದೇ ಇಲ್ಲ, ಬಂಡೆ ಮುಂದಕ್ಕೆ ಬಾಗಿದೆ. ಅದಕ್ಕೆ."

ಒಂದು ಮೂಗು, ಎರಡು ಹೊಳ್ಳೆ. ನೀವು ಬೆಟ್ಟದವರು ಮೇಲಿನಿಂದ ಕೆಳಗೆ ನೋಡಿ ಹೆಸರಿಟ್ಟಿರಿ, ಅವರು ನೀರಿನಿಂದ ಮೇಲೆ ನೋಡಿ ಹೆಸರಿಟ್ಟರು. ನಕ್ಷೆಯಲ್ಲಿ ಎರಡಕ್ಕೂ ಹೆಸರಿಲ್ಲ. ಹಿಂದೆಲ್ಲ ನೀನು ನೀರು ಇಡಿಸುತ್ತಿದ್ದ ಮರಳ ತೀರದಲ್ಲಿ ಆ ವರ್ಷ ಬಂಡೆ ಕುಸಿದಿತ್ತಂತೆ. ಅದಕ್ಕೇ ಮೊದಲ ಸಲ "ಕಿವುಡ ಕೊಲ್ಲಿಯಲ್ಲಿ ಇಡಿ" ಎಂದು ನೀನು ಹೇಳಿದೆ, "ಆಗಲಿ" ಎಂದು ಮಾಮ ಹೇಳಿದರು. ಇಬ್ಬರಿಗೂ ಜಾಗ ಅಂಗೈಯಷ್ಟು ಚೆನ್ನಾಗಿ ಗೊತ್ತಿದ್ದರಿಂದ ಯಾರೂ ಇನ್ನೊಂದು ಮಾತು ಕೇಳಲಿಲ್ಲ.

ಮಾಮ ನೀರು ಇಟ್ಟಿದ್ದರು ಅಪ್ಪಾ. ನೀನು ಇಳಿದೂ ಇದ್ದೆ. ನಡುವೆ ಆ ಮೂಗು ಇತ್ತು, ಅಷ್ಟೇ. ಎರಡು ದಿನ ಬಿಟ್ಟು ಪೂರ್ವದ ಗಾಳಿ ಎದ್ದು ಪೀಪಾಯಿಗಳನ್ನು ಎಳೆದುಕೊಂಡು ಹೋಯಿತಂತೆ. ಮಾಮ ಹೋಗಿ ನೋಡಿದಾಗ ಬಂಡೆ ಖಾಲಿ. ತೋರಿಸುವುದಕ್ಕೆ ಏನೂ ಉಳಿದಿರಲಿಲ್ಲ.

ಅವರು ಈಗ ದೋಣಿಯ ಅಂಚಿನಲ್ಲಿ ಕೂತಿದ್ದಾರೆ. ಅರ್ಧ ಗಂಟೆಯಿಂದ ಸಿಗರೇಟು ಕೈಯಲ್ಲಿದೆ, ಹಚ್ಚಿಲ್ಲ. ನಾನು ಎರಡೂ ಜಾಗವನ್ನು ಫೋನಿನಲ್ಲಿ ಗುರುತು ಮಾಡಿಕೊಂಡಿದ್ದೇನೆ.

ಬೇರೆ ದೋಣಿ ನೋಡುವುದಿಲ್ಲ.

ಇಲೇನಿಯಾ


ಬಾವುನೇಯಿ
ಏಪ್ರಿಲ್ 2

ಕೊಂಪಾರೆ ಸಿಲ್ವೇರಿಯೊ ಅವರಿಗೆ,

ಈ ಕಾಗದದ ಜೊತೆ ಒಂದು ಮೇಕೆ ಹಾಲಿನ ಚೀಸ್ ಕಳಿಸಿದ್ದೇನೆ. ಮೇಲೆ ಕಪ್ಪಗಿದೆ ಎಂದು ಹೆದರಬೇಡಿ, ಅದು ಹೊಗೆಯದು. ತೆಳ್ಳಗೆ ಕೊಯ್ದು ತಿನ್ನಿ. ಒಣ ಬ್ರೆಡ್ಡೂ ಇದೆ, ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಿ. ನಿಮ್ಮ ಹಲ್ಲು ಈಗ ಹೇಗಿವೆಯೋ ನನಗೆ ಗೊತ್ತಿಲ್ಲ.

ಮಂಡಿ ಕೇಳಿದ್ದಿರಿ. ಇಳಿಯುವಾಗ ನೋಯುತ್ತದೆ, ಹತ್ತುವಾಗ ಪರವಾಗಿಲ್ಲ.

ಮಗಳು ಹೇಳಿದ್ದನ್ನು ಕೇಳಿದ ಮೇಲೆ ಕೋಲು ಹಿಡಿದು ಒಬ್ಬನೇ ಸತ್ತ ಮೇಕೆಯ ಅಂಚಿನವರೆಗೆ ಹೋಗಿದ್ದೆ. ಮಲಗಿ ತಲೆ ಚಾಚಿ ನೋಡಿದರೆ ನಿಮ್ಮ ಚಪ್ಪಟೆ ಬಂಡೆ ಕಾಣುತ್ತದೆ. ಅದನ್ನು ನಾನು ಸಾವಿರ ಸಲ ಕಂಡಿದ್ದೇನೆ. ಅವತ್ತು ಅಲ್ಲಿಂದ ಕೆಳಗೆ ನೋಡಿದ್ದರೆ ಪೀಪಾಯಿಗಳು ಕಾಣುತ್ತಿದ್ದವು. ಸ್ವಲ್ಪ ಹೊತ್ತು ಅಲ್ಲೇ ಮಲಗಿದ್ದೆ.

ಹೇಳಬೇಕಾದ ಮಾತು ಇನ್ನೊಂದಿದೆ. ಮೂರು ಸಲ ಬರೆದೆ, ಮೂರು ಸಲವೂ ಒಲೆಗೆ ಹಾಕಿದೆ. "ಮನೇಲಿದ್ದ ಕಾಗದ ಎಲ್ಲ ಮುಗೀತು. ಚೀಸ್ ಕಳ್ಸಿ, ಅವರಿಗೆ ಅರ್ಥ ಆಗತ್ತೆ" ಎಂದಳು ಅಸ್ಸುಂತಾ.

ಅರ್ಥವಾಗದಿದ್ದರೆ ತಿಳಿಸಿ. ಇನ್ನೊಂದು ಕಳಿಸುತ್ತೇನೆ.

ನಿಮ್ಮ ಕೊಂಪಾರೆ
ಬಾಕೀಸಿಯೊ


ಆರ್ಬತಾಕ್ಸ್
ಏಪ್ರಿಲ್ 10

ಕೊಂಪಾರೆ,

ಏನೂ ಅರ್ಥವಾಗಲಿಲ್ಲ. ಇನ್ನೊಂದು ಕಳಿಸಿ.

ಮೊದಲನೆಯದನ್ನು ಬಂದರಿಗೆ ತೆಗೆದುಕೊಂಡು ಹೋಗಿ ಅದೇ ಬಾರಿನ ಮೇಜಿನ ಮೇಲಿಟ್ಟು ಎಲ್ಲರಿಗೂ ಕೊಯ್ದುಕೊಟ್ಟೆ. "ಬಾವುನೇಯಿ ಚೀಸ್ ನಿಂಗೆಲ್ಲಿಂದ ಬಂತಯ್ಯಾ?" ಎಂದರು. "ನಮ್ಮ ಕೊಂಪಾರೆ ಕಳ್ಸಿದ್ದು" ಎಂದೆ. ಆಮೇಲೆ ಬಾರಿನ ಮುದುಕನೇ ಬಂದು ಎರಡನೆಯ ಸಲ ಕೈ ಚಾಚಿದ. ಕಥೆ ಕೇಳಿ ಅವನು, "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ನಿಮ್ಮಿಬ್ರಲ್ಲಿ ಕೋಣ ನೀನೇ ಬಿಡು" ಎಂದ. ನಗುವಿನಲ್ಲಿ ನಾನೂ ಸೇರಿಕೊಂಡೆ. ಅಲ್ಲಿ ಕೂತು ನಕ್ಕು ಎಷ್ಟು ಕಾಲವಾಗಿತ್ತು!

ನಿಮಗೊಂದು ಹೇಳುತ್ತೇನೆ, ಬೇರೆ ಯಾರಿಗೂ ಹೇಳಿಲ್ಲ. ಊರೆಲ್ಲ ಒಂದೇ ಮಾತನ್ನು ಹೇಳುತ್ತಿದ್ದರೆ ಮನುಷ್ಯ ತನ್ನ ಕೈಯನ್ನೇ ನಂಬದ ಹಾಗಾಗುತ್ತಾನೆ. ಈಚಿನ ವರ್ಷಗಳಲ್ಲಿ ನನಗೇ ಅನುಮಾನ ಬಂದಿತ್ತು. ನಾನು ನಿಜವಾಗಿ ಇಟ್ಟೆನೇ? ಇಟ್ಟ ಹಾಗೆ ನೆನಪಿದೆ, ಆದರೆ ಅದು ಬೇರೆ ವರ್ಷದ್ದೇನೋ? ಪೀಪಾಯಿಯ ಹಿಡಿ ಕೈಗೆ ಒತ್ತಿದ್ದು ಗೊತ್ತಿದೆ, ಆದರೆ ಮುದುಕನ ನೆನಪು, ಯಾರಿಗೆ ಗೊತ್ತು. ನಿಮ್ಮ ಮಗಳು ದೋಣಿಯಲ್ಲಿ ಕೂತು ನಗುತ್ತಿದ್ದಾಗ ನನಗೆ ಹೋದ ಜೀವ ಬಂದಂತಾಯಿತು. ಇಟ್ಟಿದ್ದೆ! ನಾನು ಇಟ್ಟಿದ್ದೆ, ಕೊಂಪಾರೆ.

ಮೇ ತಿಂಗಳಿಗೆ ಪೀಪಾಯಿಗಳನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿದ್ದೇನೆ.

ನಿಮ್ಮ ಕೊಂಪಾರೆ
ಸಿಲ್ವೇರಿಯೊ


ಬಾವುನೇಯಿ
ಮೇ 12, ಭಾನುವಾರ

ಕೊಂಪಾರೆ,

ಇವತ್ತು ಬೆಳಗ್ಗೆ ಹೊರಟರು. ಚೀಲಗಳನ್ನು ನಾನೇ ತೂಗಿದೆ. ಹೇರ್ ಡ್ರೈಯರ್ ಒಂದು ಸಿಕ್ಕಿತು. ಕರೆಂಟು ಎಲ್ಲಿಂದ ತರುತ್ತೀರಿ ಎಂದು ಕೇಳಿದೆ, ತಂದವನು ಕೆಂಪಗಾದ. ಕುರ್ಚಿಯವನು ಮಾತ್ರ ಬಿಡಲಿಲ್ಲ, ಹೊತ್ತುಕೊಂಡೇ ಹೋದ. ಎಲ್ಲರಿಗೂ ಹೆಲ್ಮೆಟ್ ಕಟ್ಟಿ, ಸೊಂಟಪಟ್ಟಿಯ ಬಕಲ್ ಎಳೆದು ನೋಡಿ, ಇಲೇನಿಯಾ ಕೊನೆಗೆ ನನ್ನ ಕಡೆ ತಿರುಗಿ, "ನನ್ನದೂ ನೋಡಪ್ಪಾ" ಎಂದಳು. ನೋಡಿದೆ. ಸರಿಯಾಗಿಯೇ ಇತ್ತು. ಸರಿಯಾಗಿದೆ ಎಂದು ಅವಳಿಗೂ ಗೊತ್ತಿತ್ತು.

ಬಂಡೆಗಳ ಕೆಳಗೆ ಹೋದ ಮೇಲೆ ಫೋನು ಸಿಗುವುದಿಲ್ಲ. ಬುಧವಾರ ಸಂಜೆ ಕಿವುಡ ಕೊಲ್ಲಿಗೆ (ನಮ್ಮದಕ್ಕೆ, ಏಣಿ ಇರುವುದಕ್ಕೆ!) ಇಳಿಯುತ್ತಾರೆ. ಮಂಗಳವಾರದಿಂದ ಪೂರ್ವದ ಗಾಳಿ ಎನ್ನುತ್ತಿದ್ದಾರೆ ರೇಡಿಯೋದಲ್ಲಿ. ನಿಮ್ಮ ಅಜ್ಜಿ ಕೊಳಗ ಆ ಗಾಳಿಯಲ್ಲಿ ಹೇಗಿರುತ್ತದೆ? ದೋಣಿ ಹೋಗುತ್ತದೆಯೇ? ಹೋಗದಿದ್ದರೆ ಆ ಮನುಷ್ಯನ ಮೇಲೆ ತಪ್ಪು ಹೊರಿಸಬೇಡಿ ಎಂದು ಅಸ್ಸುಂತಾ ಈಗಲೇ ಹೇಳುತ್ತಿದ್ದಾಳೆ. ಹೊರಿಸುವುದಿಲ್ಲ. ನನಗೆ ಹೆದರಿಕೆಯಾಗಿದೆ, ಅಷ್ಟೇ. ಅವಳ ಮುಂದೆ ತೋರಿಸಿಕೊಳ್ಳಲಿಲ್ಲ, ನಿಮಗೆ ಬರೆಯುತ್ತಿದ್ದೇನೆ.

ಬ್ರೆಡ್ ವ್ಯಾನ್ ನಾಳೆ ಬೆಳಗ್ಗೆ ನಿಮ್ಮ ಕಡೆ ಬರುತ್ತದೆ.

ನಿಮ್ಮ ಕೊಂಪಾರೆ
ಬಾಕೀಸಿಯೊ


ಆರ್ಬತಾಕ್ಸ್
ಮೇ 21

ಕೊಂಪಾರೆ,

ಈಗ ಫೋನ್ ಮಾಡಬಹುದು, ಆದರೂ ಬರೆಯುತ್ತಿದ್ದೇನೆ. ಬಾಯಲ್ಲಾದರೆ ನಾವಿಬ್ಬರೂ ಒಂದು ಹೆಸರು ಹೇಳಿ ಮುಗಿಸಿಬಿಡುವ ಜನ. ಬುಧವಾರ ಆ ಗಿಡದ ಹಿಂದೆ ಅಡಗಿ ಕೂತಾಗ ಪಿಸುಗುಟ್ಟುವುದಕ್ಕೂ ಬಿಡದೆ ನೀವು ನನ್ನ ಬಾಯಿಗೆ ಕೈ ಅಡ್ಡ ಹಿಡಿದಿರಿ. ಅಲ್ಲಿ ಆಡಲಾಗದ್ದು ಇದು.

ಮಂಗಳವಾರ ಬೆಳಗ್ಗೆ ನಾನು ಹೋಗಿ ನೋಡಿದೆ. ಮೂಗಿನ ಹತ್ತಿರ ಹೋಗುವುದಕ್ಕೂ ಸಮುದ್ರ ಬಿಡಲಿಲ್ಲ. ಕೊಳಗ ಉಕ್ಕುತ್ತಿತ್ತು. ದೋಣಿ ತಿರುಗಿಸುವಾಗ ನನಗೆ ಅಳು ಬಂತು, ಎರಡನೆಯ ಸಲವೂ ಹೀಗೇ ಆಗಬೇಕೇ ಎಂದು. ಪೀಪಾಯಿಗಳನ್ನು ಕಾರಿಗೆ ಹಾಕಿಕೊಂಡು ನಿಮ್ಮ ಮನೆಗೆ ಬಂದರೆ, ನೀವು ಬಾಗಿಲಲ್ಲೇ ಬೂಟು ಹಾಕಿಕೊಂಡು ನಿಂತಿದ್ದಿರಿ. ಬೆನ್ನಿಗೆ ಮಗಳು ಮನೆಯಲ್ಲಿ ಬಿಟ್ಟುಹೋದ ಹಗ್ಗದ ಚೀಲ. "ಬರ್ತೀರಿ ಅಂತ ಗೊತ್ತಿತ್ತು" ಎಂದು ಕೂಡ ಹೇಳಲಿಲ್ಲ. "ಆ ಚಪ್ಲೀಲಿ ಬರ್ತೀರಾ?" ಎಂದಿರಿ.

ಮಂಡಿ ಸರಿಯಿಲ್ಲದ ಒಬ್ಬ, ಬೆಟ್ಟ ಹತ್ತಲು ಬಾರದ ಒಬ್ಬ. ಅಸ್ಸುಂತಾ ಅವರು ಶಿಲುಬೆ ಗುರುತು ಹಾಕಿದ್ದು ನಮ್ಮಿಬ್ಬರಿಗೋ ನೀರಿಗೋ ನನಗೆ ತಿಳಿಯಲಿಲ್ಲ. ದಾರಿ ಮುಗಿಯುವವರೆಗೆ ಕಾರು, ಆಮೇಲೆ ಬೆನ್ನು. ಮಂಗಳವಾರ ಅರ್ಧ ದಾರಿ, ಬುಧವಾರ ಉಳಿದದ್ದು. ನಿಮ್ಮ ತಂದೆಯವರ ಏಣಿಯನ್ನು ನಾನು ಕಣ್ಣು ಮುಚ್ಚಿಕೊಂಡು ಇಳಿದೆ. ನೀವು ಕೆಳಗಿನಿಂದ ಒಂದೊಂದೇ ಹೆಜ್ಜೆಗೆ "ಎಡಗಾಲು, ಇನ್ನೂ ಕೆಳಗೆ, ಅದಲ್ಲ ಮಾರಾಯ್ರೇ, ಎಡಗಾಲು!" ಎಂದು ಕೂಗುತ್ತಿದ್ದಿರಿ. ನನಗೆ ಎಡ ಬಲ ಎರಡೂ ಮರೆತುಹೋಗಿತ್ತು. ಸಮುದ್ರದಲ್ಲಿ ಅರವತ್ತು ವರ್ಷ ಕಳೆದವನು ಒಣ ನೆಲದ ಮೇಲೆ ಸಾಯುತ್ತೇನೆ ಎಂದುಕೊಂಡೆ.

ನೀರನ್ನು ಏಣಿಯ ಬುಡದಲ್ಲಿ ಸಾಲಾಗಿ ಇಟ್ಟ ಮೇಲೆ ನಾನು, "ಇಲ್ಲೇ ಕೂತು ಕಾಯೋಣ, ಮಗು ನಮ್ಮನ್ನ ನೋಡಿ ಖುಷಿ ಪಡ್ಲಿ" ಎಂದೆ. ನೀವು ಒಪ್ಪಲಿಲ್ಲ. "ಗೈಡಿನ ಹಿಂದೆ ಅಪ್ಪ ನೀರು ಹೊತ್ಕೊಂಡು ಬಂದ ಅಂತ ಆ ಜನ ನೋಡಿದ್ರೆ ಅವಳ ಮರ್ಯಾದೆ ಏನಾಗತ್ತೆ?" ಎಂದಿರಿ. ಸರಿ, ಮತ್ತೆ ಆ ಏಣಿ ಹತ್ತಿ ಮೇಲಿನ ಕಟ್ಟೆಯ ಜುನಿಪರ್ ಗಿಡದ ಹಿಂದೆ ಇಬ್ಬರು ಕಳ್ಳರ ಹಾಗೆ ಅಡಗಿ ಕೂತೆವು.

ಮೊದಲು ಆ ಕುರ್ಚಿಯವನ ಉಸಿರು ಕೇಳಿಸಿತು. ಆಮೇಲೆ ಒಬ್ಬೊಬ್ಬರೇ ಪಕ್ಕದ ಬಂಡೆಯಿಂದ ಹಗ್ಗದಲ್ಲಿ ಇಳಿದರು. ಎಲ್ಲರ ತುಟಿ ಒಡೆದಿತ್ತು. ಇಲೇನಿಯಾ ಎಲ್ಲರನ್ನೂ ಇಳಿಸಿ ಕೊನೆಗೆ ಇಳಿದಳು. ಸಮುದ್ರ ನೋಡಿದಳು. ಕೊಳಗ ಕುದಿಯುತ್ತಿತ್ತು, ಯಾವ ದೋಣಿಯೂ ಅಲ್ಲಿಗೆ ಬರುವ ಹಾಗಿರಲಿಲ್ಲ. ಅವಳ ಮುಖ ಬಿಳಿಚಿಕೊಂಡದ್ದು ಅಷ್ಟು ಮೇಲಿನಿಂದಲೂ ಕಂಡಿತು. ಏಣಿಯ ಕಡೆ ನಿಧಾನವಾಗಿ ನಡೆದಳು, ನೋಡುವುದಕ್ಕೆ ಇಷ್ಟವಿಲ್ಲದವಳ ಹಾಗೆ.

ಆಮೇಲೆ ಅವಳ ಕಾಲು ಪೀಪಾಯಿಗೆ ಎಡವಿತು.

ಬೆರ್ಗಾಮೊದವರು ಕೂಗಿಕೊಂಡು ಓಡಿಬಂದರು. ಕುರ್ಚಿಯವನು ಮಾತ್ರ ನಿಂತು ಸಮುದ್ರ ನೋಡಿ, "ಈ ಅಲೇಲಿ ದೋಣಿ ಹೇಗ್ರೀ ಬಂತು?" ಎಂದ. ಅವಳು ಸುತ್ತಲೂ ನೋಡಿದಳು, ಮೇಲೆಯೂ ನೋಡಿದಳು. ನಾವು ಕಂಡೆವೋ ಇಲ್ಲವೋ ನಾನರಿಯೆ. ಗಟ್ಟಿಯಾಗಿ, ಬಂಡೆಗೆಲ್ಲ ಕೇಳಿಸುವ ಹಾಗೆ ಹೇಳಿದಳು: "ನಮ್ಮ ಸಿಲ್ವೇರಿಯೊ ಮಾಮ ಇಡ್ತೀನಿ ಅಂದ್ರೆ ಇಟ್ಟಿರ್ತಾರೆ. ಅವರು ಯಾವತ್ತೂ ತಪ್ಪಿಸಿದವರಲ್ಲ."

ಯಾವತ್ತೂ ಎಂದಳು, ಕೊಂಪಾರೆ. ನೀವೂ ಕೇಳಿಸಿಕೊಂಡಿರಿ.

ಆರು ಜನಕ್ಕೂ ಅವಳೇ ಸುರಿದು ಕೊಟ್ಟಳು. ಎಲ್ಲರದೂ ಆದ ಮೇಲೆ ಪೀಪಾಯಿಗೆ ಆತುಕೊಂಡು ಕೂತು ತಾನು ಕುಡಿದಳು. ಗಲ್ಲದಿಂದ ಕುತ್ತಿಗೆಗೆ ಹರಿಯುತ್ತಿದ್ದರೂ ಒರೆಸಿಕೊಳ್ಳದೆ ಗಟಗಟ ಕುಡಿದಳು. ಅವಳು ಕುಡಿದು ಮುಗಿಸುವವರೆಗೆ ನೀವು ನನ್ನ ತೋಳು ಹಿಡಿದಿದ್ದಿರಿ. ಹಿಡಿದದ್ದು ನಿಮಗೆ ಗೊತ್ತೇ ಇರಲಿಲ್ಲ. ಆಡು ಹಿಡಿದ ಕೈ, ಹಗ್ಗ ಹಿಡಿದ ಕೈ. ಐದು ಬೆರಳೂ ಮೂಡಿ ನೀಲಿಗಟ್ಟಿದೆ. ಬಂದರಿನಲ್ಲಿ ಎಲ್ಲರೂ ಏನಾಯಿತು ಎಂದು ಕೇಳುತ್ತಾರೆ. ತೋಳು ಮಡಚಿ ತೋರಿಸುತ್ತೇನೆ, ಹೇಳುವುದಿಲ್ಲ.

ಅಸ್ಸುಂತಾ ಅವರು ಮುಲಾಮು ಕಳಿಸುತ್ತೇನೆ ಎಂದರಂತೆ. ಬೇಡ ಎನ್ನಿ. ಅದು ಇನ್ನಷ್ಟು ದಿನ ಹಾಗೇ ಇರಲಿ.

ನಿಮ್ಮ ಕೊಂಪಾರೆ
ಸಿಲ್ವೇರಿಯೊ